ಗೀಟಿನ ಕೆಳಗಿನದು

ಬಸ್ರಾ,
೧೫ ಜೂನ್ ೧೯೮೦

ಚಿ. ಸಾವಂತ್ರಿಗೆ ನಿನ್ನ ಅಪ್ಪನ ಆಶೀರ್ವಾದ.

ಈ ಪತ್ರವನ್ನು ಫಿಟ್ಟರ್ ದಿಗಂಬರನ ಕೈಯಲ್ಲಿ ಕೊಟ್ಟಿದ್ದೇನೆ. ಅವನ ಮನೆ ಪುಣೆಯ ಹತ್ತಿರದ ದೇಹೂ ರೋಡಿನಲ್ಲಿ. ಒಂದು ತಿಂಗಳು ರಜೆ ಹಾಕಿ ಹೊರಟಿದ್ದಾನೆ. ಅಂಚೆಗೆ ಹಾಕದ ಪತ್ರವಾದ್ದರಿಂದ ಸ್ವಲ್ಪ ಬಿಚ್ಚಿ ಬರೆಯುತ್ತೇನೆ. ಇಲ್ಲಿ ಅಂಚೆಗೆ ಬಿದ್ದ ಪತ್ರಗಳನ್ನು ಒಡೆದು ನೋಡುತ್ತಾರೆ. ಅವರಲ್ಲಿ ಕನ್ನಡ ಓದುವವರು ಇದ್ದಾರೋ ಇಲ್ಲವೋ ತಿಳಿಯದು. ಆದರೂ ದೊಡ್ಡವರ ಹೆಸರು ಬರೆಯಲು ಧೈರ್ಯವಿಲ್ಲ. ಆದ್ದರಿಂದ ಇನ್ನು ಮುಂದೆ ನನ್ನ ಪತ್ರದಲ್ಲಿ 'ನಮ್ಮ ಗೌಡರು' ಎಂದರೆ ಈ ಇರಾಕ್ ದೇಶದ ಅಧ್ಯಕ್ಷರು ಎಂದು ತಿಳಿ. 'ಹೊಳೆ ಆಚೆಯ ಮಠದವರು' ಎಂದರೆ ಇರಾನಿನವರು. ಅಲ್ಲಿ ಹೋದ ವರ್ಷ ರಾಜನನ್ನು ಓಡಿಸಿ ಧರ್ಮಗುರುಗಳು ಕೂತಿದ್ದಾರಲ್ಲ, ಅದಕ್ಕೆ. ನಡುವಿನ ಹೊಳೆ ಹೊಳೆಯೇ. ನಮ್ಮ ಕೃಷ್ಣೆಗಿಂತ ಅಗಲ, ಆದರೆ ನೀರು ಕುಡಿಯಲು ಬಾರದು.

ನೀನು ಈಗ ಪುಣೆಯ ಕಾಲೇಜಿಗೆ ಸೇರಿದ್ದು ಒಳ್ಳೆಯದಾಯಿತು. ಅಲ್ಲಿ ನಿನಗೊಂದು ಕೆಲಸ ಹೇಳುತ್ತೇನೆ. ನಾನು ಅದೇ ಊರಿನ ಮಾರ್ಕೆಟ್ ಯಾರ್ಡಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ ಅಲ್ಲಿ ಚೀಲ ಹೊರುತ್ತಿದ್ದ ಜಟ್ಟೆಪ್ಪ ನನ್ನ ಸಂಗಡವೇ ಇಲ್ಲಿಗೆ ಬಂದಿದ್ದಾನೆ. ನಾನು ಸಿಮೆಂಟ್ ಗೋದಾಮು ನೋಡಿಕೊಳ್ಳುತ್ತೇನೆ, ಅವನು ಅದೇ ಗೋದಾಮಿನಲ್ಲಿ ಹಮಾಲಿ. ಅವನ ಹೆಂಡತಿ ಮಾನಮ್ಮ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುತ್ತಾಳೆ. ಇಬ್ಬರಿಗೂ ಓದು ಬಾರದು. ಇಲ್ಲಿ ಅವನು ಹೇಳಿದ್ದನ್ನು ನಾನು ಬರೆಯುತ್ತೇನೆ, ಅಲ್ಲಿ ನೀನು ಓದಿ ಹೇಳು. ಅವಳು ಹೇಳಿದ್ದನ್ನು ನೀನು ಬರೆ. ಅವನ ಪತ್ರ ಇದರ ಜೊತೆಗಿದೆ.

ಇನ್ನೊಂದು ಮಾತು. ಇಲ್ಲಿ ಒಬ್ಬರಿಗೆ ಪತ್ರ ಬಂದರೆ ಅದು ಎಲ್ಲರ ಪತ್ರ. ಶೆಡ್ಡಿನಲ್ಲಿ ನಮ್ಮ ಕಡೆಯವರು ನಲವತ್ತು ಮಂದಿ. ಊಟ ಮುಗಿಯುತ್ತಲೇ ಸುತ್ತ ಕೂತು, "ಓದ್ರಿ ಹೊಳಬಸಪ್ಪನವರ" ಎನ್ನುತ್ತಾರೆ. ನಿನ್ನ ಇಂಗ್ಲಿಷ್ ಶಬ್ದಗಳಿಗೆ ಅರ್ಥ ಹೇಳಲು ಬೊಂಬಾಯಿಯಿಂದ ಡಿಕ್ಷನರಿ ತರಿಸಿಕೊಂಡಿದ್ದೇನೆ.

ಮೈ ಕಡೆ ಲಕ್ಷ್ಯವಿರಲಿ.

ನಿನ್ನ ಅಪ್ಪ,
ಹೊಳಬಸಪ್ಪ

•

ಪುಣೆ,
೨೦ ಜುಲೈ ೧೯೮೦

ಡಿಯರ್ ಅಪ್ಪಾಜಿ,

ದಿಗಂಬರ ಅವರು ಪತ್ರ ಕೊಟ್ಟು ಹೋದರು. ಹಾಸ್ಟೆಲಿನ ರೆಕ್ಟರ್ ಬಾಯಿ ಅವರನ್ನು ಗೇಟಿನ ಒಳಗೆ ಬಿಡಲಿಲ್ಲ. ಇಲ್ಲಿಯೂ ಭೇಟಿಯ ದಿನ ಭಾನುವಾರವೇ. ಗೇಟಿನ ಹತ್ತಿರ ಒಂದು ಕಲ್ಲಿನ ಬೆಂಚಿದೆ. ನಾನು ಅದರ ಮೇಲೆ ಕೂರುವುದಿಲ್ಲ.

ಫಸ್ಟ್ ಇಯರಿನಲ್ಲಿ ಪಾಲಿಟಿಕ್ಸ್ ತೆಗೆದುಕೊಂಡಿದ್ದೇನೆ. ಕ್ಲಾಸಿನಲ್ಲಿ ಎಲ್ಲರೂ ಮರಾಠಿಯಲ್ಲಿ ನಗುತ್ತಾರೆ. ನಾನು ಒಂದು ನಿಮಿಷ ತಡವಾಗಿ ನಗುತ್ತೇನೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಕಲಿತರೂ ಇಲ್ಲಿಯ ಹುಡುಗಿಯರ ಮುಂದೆ ಅದು ಬಾಯಿಗೆ ಬರುವುದಿಲ್ಲ. ಕನ್ನಡವಂತೂ ನಿಮಗೆ ಬರೆಯುವಾಗ ಮಾತ್ರ. ಪ್ರತಿ ಪತ್ರಕ್ಕೂ ಮೊದಲು ಒಂದು ರಫ್ ಕಾಪಿ ಮಾಡುತ್ತೇನೆ, ನಗಬೇಡಿ.

ಮಾನಮ್ಮನನ್ನು ನೋಡಿ ಬಂದೆ. ಉಳ್ಳಾಗಡ್ಡಿಯ ರಾಶಿಯ ನಡುವೆ ಕೂತಿದ್ದಳು. ನಾನು ಯಾರೆಂದು ಹೇಳುವ ಮೊದಲೇ, "ಹೊಳಬಸಪ್ಪನವರ ಮಗಳಲಾ? ಮೂಗು ನೋಡಿದ್ರ ತಿಳೀತದ" ಎಂದಳು. ಗಂಡನ ಪತ್ರವನ್ನು ಎರಡು ಸಲ ಓದಿಸಿದಳು. ಜಟ್ಟೆಪ್ಪ ಎಲೆ ಅಡಿಕೆ ಅಲ್ಲಿ ಸಿಗುವುದಿಲ್ಲವೆಂದು ಬರೆಸಿದ್ದನಲ್ಲ, ಅದಕ್ಕೆ ಬಹಳ ನಕ್ಕಳು. ಅವನು ಹೊರಡುವಾಗ ತಾನೇ ಹೊಲಿದು ಕೊಟ್ಟ ಎಲೆ ಅಡಿಕೆಯ ಚಂಚಿ ಖಾಲಿ ಇಟ್ಟುಕೊಂಡು ತಿರುಗುತ್ತಿದ್ದಾನೇನು ಎಂದು ಕೇಳಲು ಹೇಳಿದಳು. ನನ್ನನ್ನು ತಂಗೆವ್ವ ಎಂದು ಕರೆಯುತ್ತಾಳೆ. ಇಲ್ಲಿ ನನ್ನನ್ನು ಹೆಸರು ಬಿಟ್ಟು ಬೇರೆ ರೀತಿ ಕರೆಯುವವಳು ಅವಳೊಬ್ಬಳೇ.

ನಿಮ್ಮ ಮಗಳು,
ಸಾವಂತ್ರಿ

•

ಬಸ್ರಾ,
೮ ಆಗಸ್ಟ್ ೧೯೮೦

ಚಿ. ಸಾವಂತ್ರಿಗೆ ಆಶೀರ್ವಾದ.

ಚಂಚಿ ಸೊಂಟದಲ್ಲೇ ಇದೆ, ಅದರಲ್ಲಿ ಈಗ ಖರ್ಜೂರದ ಬೀಜ ತುಂಬಿದ್ದಾನೆ ಎಂದು ಮಾನಮ್ಮನಿಗೆ ಹೇಳು. ಊರಿಗೆ ಒಯ್ದು ನೆಡುತ್ತಾನಂತೆ.

ನಮ್ಮ ಗೌಡರಿಗೂ ಹೊಳೆ ಆಚೆಯ ಮಠದವರಿಗೂ ಹೊಳೆಯ ಸಲುವಾಗಿ ಹಳೆಯ ತಂಟೆ ಮತ್ತೆ ಎದ್ದಿದೆ. ದಂಡೆಯ ಮೇಲೆ ಅಲ್ಲಲ್ಲಿ ಕಲ್ಲು ತೂರಾಟವೂ ನಡೆದಿದೆ. ಕಲ್ಲೆಂದರೆ ಏನೆಂದು ನೀನೇ ತಿಳಿದುಕೋ. ಗೌಡರ ಮನೆಯಲ್ಲಿ ಗೌಡರದ್ದೊಂದೇ ದನಿ. ಮಠದಲ್ಲಿ ದಿನಕ್ಕೊಬ್ಬ ಎದ್ದು ಕೂಗುತ್ತಾನೆ. ನಮ್ಮಂಥವರಿಗೆ ಯಾವುದರಲ್ಲಿ ಅಂಜಿಕೆ ಹೆಚ್ಚು, ತಿಳಿಯದಾಗಿದೆ.

ನಮ್ಮ ಕರಾರು ಸೆಪ್ಟೆಂಬರ್ ಹದಿನೈದಕ್ಕೆ ಮುಗಿಯುತ್ತದೆ. ಅಂದೇ ಒಂದು ತಂಡ ವಿಮಾನದಲ್ಲಿ ಬೊಂಬಾಯಿಗೆ ಹೊರಡುತ್ತದೆ. ನಾನೂ ಜಟ್ಟೆಪ್ಪನೂ ಹೆಸರು ಕೊಟ್ಟಿದ್ದೇವೆ. ಆದರೆ ಮ್ಯಾನೇಜರ್ ಇನ್ನೊಂದು ವರ್ಷ ನಿಲ್ಲಿರೆಂದು ಬೆನ್ನು ಬಿದ್ದಿದ್ದಾನೆ. ಹೆಸರು ತೆಗೆಸುವವರು ಹತ್ತನೆಯ ತಾರೀಖಿನ ಒಳಗೆ ಹೇಳಬೇಕು. ಶೆಡ್ಡಿನಲ್ಲಿ ಇದೇ ಮಾತು. ಯಾರೋ ಒಬ್ಬರು, "ಹೊಳಬಸಪ್ಪನವರ ಮಗಳು ಇದ್ನ ಓದ್ತಾಳಲಾ, ಆಕೀನ ಕೇಳ್ರಿ" ಎಂದರು. ಎಲ್ಲರೂ ಹೌದೆಂದರು. ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಪ್ರೊಫೆಸರರು ಏನನ್ನುತ್ತಾರೆ? ಇಂಥ ಗೌಡರಿರುವ ಊರಲ್ಲಿ ಜಗಳ ಹತ್ತುತ್ತದೆಯೇ, ತಣ್ಣಗಾಗುತ್ತದೆಯೇ?

ಬಂದೆನೆಂದರೆ ಯಾರ್ಡಿನ ಹತ್ತಿರ ಗುಲ್ಟೇಕಡಿಯಲ್ಲಿ ಎರಡು ಕೋಣೆ ಹಿಡಿಯಬೇಕೆಂದಿದ್ದೇನೆ. ನೀನು ಹಾಸ್ಟೆಲ್ ಬಿಟ್ಟು ನನ್ನ ಕೂಡ ಇರಬಹುದು. ರೊಟ್ಟಿ ನಾನೇ ಬಡಿಯುತ್ತೇನೆ. ಇಲ್ಲಿಗೆ ಬಂದು ಕಲಿತಿದ್ದೇನೆ, ದುಂಡಗೆ ಬರುತ್ತವೆ. ಯೋಚಿಸಿ ಬರೆ.

ನಿನ್ನ ಅಪ್ಪ,
ಹೊಳಬಸಪ್ಪ

•

ಪುಣೆ,
೨೨ ಆಗಸ್ಟ್ ೧೯೮೦

ಡಿಯರ್ ಅಪ್ಪಾಜಿ,

ನಿಮ್ಮ ಪ್ರಶ್ನೆ ಸರಿಯಾದ ಸಮಯಕ್ಕೆ ಬಂತು. ಹೋದ ವಾರವಷ್ಟೇ ನಮಗೆ ಟ್ಯುಟೋರಿಯಲ್ ಇತ್ತು. ವಿಷಯ: ಯಾವ ಬಗೆಯ ಸರ್ಕಾರಗಳಿಂದ ಜಗತ್ತಿನ ವ್ಯವಸ್ಥೆ ಸ್ಥಿರವಾಗಿ ಉಳಿಯುತ್ತದೆ. ನನಗೆ ಇಪ್ಪತ್ತಕ್ಕೆ ಹದಿನೇಳು ಬಂತು. ಮಧುಕರ ಸರ್ ಅದನ್ನು ಕ್ಲಾಸಿನಲ್ಲಿ ಓದಿ ಹೇಳಿದರು. ಆ ದಿನ ಹುಡುಗಿಯರು ನನ್ನ ಪಕ್ಕ ಬಂದು ಕೂತರು.

ನಾನು ಬರೆದದ್ದರ ಸಾರಾಂಶ ಇಷ್ಟು. ಬಹಳ ಜನ ಸೇರಿ ಆಳುವ ಕಡೆ ತೀರ್ಮಾನ ನಿಧಾನ, ಮಾತು ಬದಲಾಗುತ್ತದೆ. ನಮ್ಮ ದೇಶದಲ್ಲೇ ನೋಡಿ, ಮೂರು ವರ್ಷದಲ್ಲಿ ಮೂವರು ಪ್ರಧಾನಿಗಳು. ಒಬ್ಬನೇ ಗಟ್ಟಿಯಾಗಿ ಆಳುವ ಕಡೆ ನೆರೆಯವರಿಗೂ ಅವನು ಏನು ಮಾಡುತ್ತಾನೆಂದು ಮೊದಲೇ ಗೊತ್ತಿರುತ್ತದೆ. ಕಳೆದುಕೊಳ್ಳುವುದು ಅವನಿಗೇ ಹೆಚ್ಚಾದ್ದರಿಂದ ಅವನು ದುಡುಕುವುದಿಲ್ಲ. ಐದು ವರ್ಷದ ಹಿಂದೆ ನಿಮ್ಮ ಹೊಳೆಯ ಒಪ್ಪಂದ ಆದದ್ದು ಹಾಗೆಯೇ. ಎರಡೂ ದಂಡೆಯಲ್ಲಿ ಗಟ್ಟಿ ಗೌಡರಿದ್ದರು, ಬೇಗ ಸಹಿ ಬಿತ್ತು. ಮಠದವರ ಮನೆಯಲ್ಲೇ ಗದ್ದಲವಿರುವಾಗ ಅವರಿಗೆ ಹೊರಗಿನ ಜಗಳ ಬೇಡ. ಅದೂ ಅಲ್ಲದೆ ದೊಡ್ಡ ದೇಶಗಳಿಗೆಲ್ಲ ಅಲ್ಲಿಯ ಎಣ್ಣೆ ಬೇಕು, ಬ್ಯಾಲೆನ್ಸ್ ತಪ್ಪಲು ಬಿಡುವುದಿಲ್ಲ. ಆದ್ದರಿಂದ ಜಗಳ ಹತ್ತುವುದಿಲ್ಲ. ನೀವು ಈಗ ಬರುವ ಅವಶ್ಯಕತೆ ಕಾಣುವುದಿಲ್ಲ.

ಮಾನಮ್ಮನಿಗೂ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಕೇಳಿದ್ದು ತಮಾಷೆಯಾಗಿದೆ, ಬರೆಯುತ್ತೇನೆ. "ತಂಗೆವ್ವ, ನಮ್ಮನ್ನ ಕೆಲಸಕ್ಕ ಹಚ್ಚೂ ಮುಕಾದಮ್ ಕಾಶಪ್ಪಗ ಸಿಟ್ ಬಂದ್ರ ಹತ್ತು ಮಂದಿ ಕೂಡಿ ರಟ್ಟಿ ಹಿಡೀತೀವಿ. ಅಲ್ಲೆ ಗೌಡಗ ಸಿಟ್ ಬಂದ್ರ ಹಿಡ್ಯಾವ್ರು ಯಾರದಾರ?" ದೇಶವೆಂದರೆ ಮಾರ್ಕೆಟ್ ಯಾರ್ಡ್ ಅಲ್ಲ ಎಂದು ನಾನು ನಕ್ಕೆ. ಅವಳೂ ನಕ್ಕಳು. "ಓದಿದಾಕಿ ನೀ. ನಿನಗ ತಿಳೀತದ" ಎಂದಳು.

ಸೋಮವಾರದಿಂದ ಪರೀಕ್ಷೆಯ ತಯಾರಿ. ಇಲ್ಲಿಗೇ ಮುಗಿಸುತ್ತೇನೆ.

ನಿಮ್ಮ ಮಗಳು,
ಸಾವಂತ್ರಿ

•

ಬಸ್ರಾ,
೭ ಸೆಪ್ಟೆಂಬರ್ ೧೯೮೦

ಚಿ. ಸಾವಂತ್ರಿಗೆ ಆಶೀರ್ವಾದ.

ಪತ್ರ ಮುಟ್ಟಿತು. ನಾಲ್ಕು ಸಲ ಓದಿಸಿದರು. ಬ್ಯಾಲೆನ್ಸ್ ಎಂಬುದಕ್ಕೆ ತಕ್ಕಡಿಯ ಮುಳ್ಳು ಎಂದು ಅರ್ಥ ಹೇಳಿದೆ, ಎಲ್ಲರಿಗೂ ತಿಳಿಯಿತು. ಮೂರು ದಿನದಿಂದ ಕಲ್ಲು ತೂರಾಟ ಜೋರಾಗಿದೆ. ಆದರೂ ನಿನ್ನ ಪತ್ರ ಕೇಳಿದವರಿಗೆ ಧೈರ್ಯ ಬಂತು. ನಾನು ಹೆಸರು ತೆಗೆಸಿದೆ. ನಾನು ತೆಗೆಸಿದ್ದು ನೋಡಿ ಜಟ್ಟೆಪ್ಪನೂ ತೆಗೆಸಿದ.

ಎರಡು ಕೋಣೆಯ ಮಾತು ಇರಲಿ ಬಿಡು. ಅದರ ಬಗ್ಗೆ ನೀನು ಏನೂ ಬರೆಯಲಿಲ್ಲ. ಹಾಸ್ಟೆಲ್ಲೇ ನಿನಗೆ ಅನುಕೂಲವೆಂದು ತಿಳಿದೆ. ರೂಢಿಯಾದ ಜಾಗ.

ಚೆನ್ನಾಗಿ ಓದು.

ಅಪ್ಪ,
ಹೊಳಬಸಪ್ಪ

•

ಪುಣೆ,
೨೩ ಸೆಪ್ಟೆಂಬರ್ ೧೯೮೦

ಅಪ್ಪಾಜಿ,

ಇವತ್ತು ಬೆಳಿಗ್ಗೆ ರೆಕ್ಟರ್ ಬಾಯಿಯ ರೇಡಿಯೋದಲ್ಲಿ ಕೇಳಿದೆ. ಯುದ್ಧ ಸುರುವಾಗಿದೆ. ವಿಮಾನ ನಿಲ್ದಾಣಗಳ ಮೇಲೆ ಬಾಂಬು ಬಿದ್ದಿವೆಯಂತೆ. ಬಸ್ರಾದ ಹೆಸರು ಎರಡು ಸಲ ಬಂತು. ಹೋದ ವಾರವೇ ಗೌಡರು ಆ ಒಪ್ಪಂದ ಮುಗಿಯಿತೆಂದು ಸಾರಿದ್ದರಂತೆ. ಪೇಪರಿನಲ್ಲಿ ಬಂದಿತ್ತು, ನಾನು ನೋಡಿರಲಿಲ್ಲ. ಪರೀಕ್ಷೆಗೆ ಓದುತ್ತಿದ್ದೆ.

ಬನ್ನಿ. ಯಾವ ದಾರಿಯಿಂದಾದರೂ ಬನ್ನಿ. ಜಟ್ಟೆಪ್ಪನನ್ನೂ ಕರೆದುಕೊಂಡು ಬನ್ನಿ. ನಾನು ಬರೆದದ್ದು ಟ್ಯುಟೋರಿಯಲ್, ಅಪ್ಪಾಜಿ. ಅದು ಪುಸ್ತಕದ್ದು.

ಮಾನಮ್ಮ ಮಧ್ಯಾಹ್ನ ಗೇಟಿಗೆ ಬಂದು ನಿಂತಿದ್ದಳು. ಹದಿನೈದಕ್ಕೆ ಹೊರಡುವ ತಂಡದಲ್ಲಿ ಇಬ್ಬರದೂ ಹೆಸರಿತ್ತಲ್ಲ, ಬೊಂಬಾಯಿಗೆ ಬಂದಿರಬಹುದಲ್ಲ ಎಂದು ಕೇಳಿದಳು. ನಿಮ್ಮ ಏಳನೆಯ ತಾರೀಖಿನ ಪತ್ರ ನನ್ನ ಪುಸ್ತಕದೊಳಗಿತ್ತು. ಗೊತ್ತಿಲ್ಲ ಎಂದೆ.

ಸಾವಂತ್ರಿ

•

ಕುವೈತ್,
೫ ಡಿಸೆಂಬರ್ ೧೯೮೦

ಚಿ. ಸಾವಂತ್ರಿಗೆ.

ನಾನು ಬದುಕಿದ್ದೇನೆ. ಕಂಪನಿಯವರು ನಮ್ಮನ್ನು ಲಾರಿಯಲ್ಲಿ ಗಡಿ ದಾಟಿಸಿದರು. ಎರಡು ತಿಂಗಳು ಪೆನ್ನು ಹಿಡಿಯಲಾಗಲಿಲ್ಲ. ಕೈಗೆ ಏನೂ ಆಗಿಲ್ಲ, ಅಂಜಬೇಡ. ಈ ಪತ್ರವನ್ನೂ ಒಂದು ಗಂಟನ್ನೂ ದಿಗಂಬರನ ಕೈಯಲ್ಲಿ ಕಳಿಸಿದ್ದೇನೆ. ಇದನ್ನು ಮಾನಮ್ಮನಿಗೆ ಓದಿ ಹೇಳಬೇಕು.

ಮಾನಮ್ಮಾ, ಜಟ್ಟೆಪ್ಪ ತೀರಿಕೊಂಡ. ಯುದ್ಧ ಸುರುವಾದ ಮೂರನೆಯ ದಿನ, ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಗೋದಾಮಿನ ಹಿಂದೆ ನೀರಿನ ಪೀಪಾಯಿ ಇತ್ತು. ಎಲ್ಲರೂ ತಗ್ಗಿನಲ್ಲಿ ಕೂತಿದ್ದೆವು. ಬಾಯಾರಿದೆ ಎಂದು ಒಬ್ಬ ಎಂದ. ಇವನು ಕೊಡ ಹಿಡಿದು ಎದ್ದ. ಹೋಗಬೇಡವೆಂದು ನಾನು ಅಂಗಿ ಹಿಡಿದೆ. "ಇಷ್ಟ ದೂರಕ ಏನಾಗ್ತದ್ರಿ" ಎಂದ. ಹೊಳೆ ಆಚೆಯಿಂದ ಬಂದ ಗುಂಡು ಅಲ್ಲೇ ಬಿತ್ತು. ಅವನಿಗೆ ನೋವು ತಿಳಿಯುವಷ್ಟು ಹೊತ್ತು ಸಿಗಲಿಲ್ಲ. ಇದು ನನ್ನ ಕಣ್ಣಾರೆ ಕಂಡದ್ದು. ಊರಿಗೆ ತರಲು ದಾರಿಯಿರಲಿಲ್ಲ. ನಾವು ಆರು ಮಂದಿ ಸೇರಿ ಖರ್ಜೂರದ ತೋಟದ ಅಂಚಿಗೆ ಮಣ್ಣು ಮಾಡಿದೆವು. ನನ್ನ ಧೋತರ ಹೊದಿಸಿದೆ. ಅವನ ಚಂಚಿ ಗಂಟಿನಲ್ಲಿದೆ. ಹದಿನೈದಕ್ಕೆ ನಾವು ಬರಬೇಕಿತ್ತು, ಕಂಪನಿಯವರು ಬಿಡಲಿಲ್ಲ.

________________________

ಸಾವಂತ್ರಿ, ಗೀಟಿನ ಮೇಲಿನದನ್ನಷ್ಟೇ ಓದು. ಕೆಳಗಿನದು ನಿನಗೆ.

ಕಂಪನಿಯವರು ಬಿಡಲಿಲ್ಲ ಎಂಬುದು ಸುಳ್ಳೆಂದು ನಿನಗೆ ಗೊತ್ತು. ಅವಳಿಗೆ ಗೊತ್ತಾಗುವುದು ಬೇಡ. ನಿನ್ನ ತಪ್ಪಿಲ್ಲ. ಹದಿನೆಂಟು ವರ್ಷದ ಹುಡುಗಿಯನ್ನು ನಲವತ್ತು ಗಂಡಸರು ಕೇಳಬಾರದಿತ್ತು. ನಾನು ಕೇಳಬಾರದಿತ್ತು. ಆ ದಿನ ಮಾನಮ್ಮ ಮುಕಾದಮ್ ಕಾಶಪ್ಪನ ಬಗ್ಗೆ ಅಂದ ಮಾತನ್ನೂ ಗಟ್ಟಿಯಾಗಿ ಓದಿದ್ದೆ. ಶೆಡ್ಡೆಲ್ಲ ನಕ್ಕಿತು. ಜಟ್ಟೆಪ್ಪ ಎಲ್ಲರಿಗಿಂತ ಹೆಚ್ಚು ನಕ್ಕು, "ನಮ್ಮಾಕಿಗಿ ಕಾಶಪ್ಪನ ಬಿಟ್ರ ಬ್ಯಾರೆ ಲೋಕ ಗೊತ್ತಿಲ್ರಿ" ಎಂದ.

ಆ ಸಂಜೆ ಹೆಸರು ತೆಗೆಸಲು ಹೋದಾಗ ನನಗೆ ಯುದ್ಧದ ಯೋಚನೆ ಇರಲಿಲ್ಲ, ಮಗಳೇ. ನನ್ನ ಕೂಡ ಇರುವುದು ನಿನಗೆ ಬೇಡ ಎಂಬುದೊಂದೇ ತಲೆಯಲ್ಲಿತ್ತು.

ಕಂಪನಿಗೆ ಇಲ್ಲಿಯೂ ಒಂದು ಗೋದಾಮಿದೆ. ಇಲ್ಲೇ ನಿಲ್ಲುತ್ತೇನೆ. ಮಾನಮ್ಮನ ಮುಂದೆ ನಿಲ್ಲುವ ಮುಖ ನನಗಿಲ್ಲ.

ಹೊಳಬಸಪ್ಪ

•

ಪುಣೆ,
೧೧ ಜನವರಿ ೧೯೮೧

ಅಪ್ಪಾ,

ಸೆಪ್ಟೆಂಬರಿನಲ್ಲಿ ನಿಮಗೆ ಬರೆದ ಪತ್ರ ಅಂಚೆಯ ಠಸ್ಸೆ ಹೊತ್ತು ತಿರುಗಿ ಬಂತು. ಇದರ ಜೊತೆ ಇಟ್ಟಿದ್ದೇನೆ. ಇದಕ್ಕೆ ರಫ್ ಕಾಪಿ ಇಲ್ಲ. ಕನ್ನಡ ತಪ್ಪಿದ್ದರೆ ಹಾಗೇ ಓದಿಕೊಳ್ಳಿ.

ದಿಗಂಬರ ಅವರು ಗಂಟು ಕೊಟ್ಟ ಮೇಲೆ ಮೂರು ದಿನ ಅದು ನನ್ನ ಮಂಚದ ಕೆಳಗಿತ್ತು. ನಾಲ್ಕನೆಯ ದಿನ ಯಾರ್ಡಿಗೆ ಹೋದೆ. ಮಾನಮ್ಮ ನನ್ನ ಕೈ ನೋಡಿದಳು, ಮುಖ ನೋಡಲಿಲ್ಲ. ಗಂಟಿನಿಂದ ಚಂಚಿಯ ದಾರ ಹೊರಗೆ ಬಂದಿತ್ತು. ಅವಳಿಗೆ ಅಷ್ಟೇ ಸಾಕಾಯಿತು. ಆದರೂ, "ಓದು" ಎಂದಳು. ಸುತ್ತಲಿನ ಹೆಂಗಸರು ಉಳ್ಳಾಗಡ್ಡಿ ಬಿಟ್ಟು ಅವಳನ್ನು ಹಿಡಿದುಕೊಂಡು ಕೂತರು. ಗೀಟಿನವರೆಗೆ ಓದಿದೆ. ಕಂಪನಿಯವರು ಬಿಡಲಿಲ್ಲ ಎಂಬ ಸಾಲನ್ನೂ ಓದಿದೆ. ಅವರೆಲ್ಲ ಕಂಪನಿಗೆ ಹಿಡಿಶಾಪ ಹಾಕಿದರು. ಮಾನಮ್ಮ ಮಾತ್ರ ನನ್ನ ತಲೆಯ ಮೇಲೆ ಕೈಯಿಟ್ಟು, "ನಿಮ್ಮಪ್ಪರೆ ಉಳದನಲಾ, ತಂಗೆವ್ವ" ಎಂದಳು.

ಅದನ್ನು ನನಗೆ ತಾಳಿಕೊಳ್ಳಲಾಗಲಿಲ್ಲ. ಹಾಸ್ಟೆಲಿಗೆ ಬಂದೆ. ನಾಲ್ಕು ವಾರ ಹೋಗಲಿಲ್ಲ. ಆ ಕೈ ತಲೆಯ ಮೇಲೇ ಇತ್ತು.

ನಡುವೆ ಇನ್ನೊಂದು ಪರೀಕ್ಷೆ ಬಂತು. ಆ ಟ್ಯುಟೋರಿಯಲ್ ಪ್ರಶ್ನೆಯೇ ಸ್ವಲ್ಪ ಮಾತು ಬದಲಿಸಿಕೊಂಡು ಬಂದಿತ್ತು. ಉತ್ತರ ನನಗೆ ಬಾಯಿಪಾಠ. ಒಪ್ಪಂದಕ್ಕೆ ಸಹಿ ಹಾಕಿದವನೇ ಒಬ್ಬನಾದರೆ ಅದನ್ನು ಹರಿದು ಹಾಕಲೂ ಒಬ್ಬನೇ ಸಾಕು ಎಂದು ಒಂದು ಸಾಲು ಬರೆದೆ. ಮುಂದೆ ಕೈ ಓಡಲಿಲ್ಲ. ಪೇಪರ್ ಕೊಟ್ಟು ಎದ್ದೆ. ಹೊರಗೆ ಮಧುಕರ ಸರ್ ಸಿಕ್ಕರು. ಆಗಸ್ಟಿನಲ್ಲಿ ನನಗೆ ಮೂರು ಅಂಕ ಯಾವ ತಪ್ಪಿಗೆ ಕಡಿಮೆಯಾಯಿತೆಂದು ಕೇಳಿದೆ. ಅವರಾದರೂ ಆಗಲೇ ಏನಾದರೂ ಕಂಡಿದ್ದರೇನೋ ಎಂಬ ಆಸೆ. ಅವರು ನೆನಪಿಸಿಕೊಂಡು, ಕೈಬರಹಕ್ಕೆ ಎಂದರು.

ನಿನ್ನೆ ಯಾರ್ಡಿಗೆ ಹೋದೆ. ಮಾನಮ್ಮ ಒಬ್ಬಳೇ ಕೂತು ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು, ಅವತ್ತು ಪೂರ್ತಿ ಓದಿರಲಿಲ್ಲ ಎಂದೆ. ಗೀಟಿನ ಕೆಳಗಿನದನ್ನು ಓದಿದೆ. ನಿಮ್ಮ ಮಾತು ಮೀರಿದೆ. ನಿಮ್ಮ ಏಳನೆಯ ತಾರೀಖಿನ ಪತ್ರವನ್ನೂ ಓದಿದೆ. ಅವಳು ಗೇಟಿಗೆ ಬಂದ ದಿನ ಅದು ನನ್ನ ಹತ್ತಿರವೇ ಇತ್ತೆಂದೂ ಹೇಳಿದೆ.

ಅವಳು ಕೆಟ್ಟ ಉಳ್ಳಾಗಡ್ಡಿ ಒಂದು ಕಡೆ, ಒಳ್ಳೆಯದು ಒಂದು ಕಡೆ ಹಾಕುತ್ತಲೇ ಇದ್ದಳು. ಕೈ ನಿಲ್ಲಿಸದೆಯೇ ಕೇಳಿದಳು.

"ನಾ ಅಂದಿದ್ದು ಅಂವಗ ಕೇಳಿಸ್ತೇನು?"

"ಹೌದು."

"ನಕ್ಕನಾ?"

"ನಕ್ಕನಂತೆ."

"ಏನಂದ? ಇನ್ನೊಮ್ಮೆ ಓದು."

ಓದಿದೆ. ಮೂರು ಸಲ ಓದಿಸಿದಳು. ಮೂರನೆಯ ಸಲ ಅವಳಿಗೂ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು. ಆ ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಕೈ ಮುಟ್ಟಲು ಹೋದೆ, ಸರಿದು ಕೂತಳು.

"ನೀ ಶಾಣ್ಯಾಕಿ ಅಂತ ತಿಳದಿದ್ದೆ" ಎಂದಳು. "ನಾ ಕೇಳಿದ್ದು ಖರೇನ ಇತ್ತು ನೋಡು. ನಿನ್ನ ನಗು ನೋಡಿ ಸುಮ್ಮನಾದೆ. ಇನ್ನ ಮ್ಯಾಲ ನಂಗ ಕಾಗದ ಓದಬ್ಯಾಡ."

ನಾನು ಎದ್ದೆ. ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕರೆದಳು. ತಂಗೆವ್ವ ಎನ್ನಲಿಲ್ಲ.

"ನಿಮ್ಮಪ್ಪಗ ಬರಾಕ ಹೇಳು. ಮುಖ ಇಲ್ಲಂತಾನೇನು? ಅಂವನ ಮಣ್ಣ ಕಂಡಾವ ನಿಮ್ಮಪ್ಪ ಒಬ್ಬನ ಅದಾನ ನನ್ನ ಪಾಲಿಗೆ. ಕಾಗದ ಸಾಕಾದವು. ಬಂದು ಬಾಯಿಲೆ ಹೇಳಲಿ."

ಇದಿಷ್ಟು ಅವಳ ಮಾತು. ಇನ್ನು ನನ್ನದು.

ನೀವು ಎರಡು ಕೋಣೆಯ ಮಾತು ಬರೆದಾಗ ನಾನು ಅದನ್ನು ಓದಲಿಲ್ಲ ಎಂದು ತಿಳಿಯಬೇಡಿ. ಎಲ್ಲಕ್ಕಿಂತ ಮೊದಲು ಅದನ್ನೇ ಓದಿದೆ. ಹೆದರಿದೆ, ಅಪ್ಪಾ. ಅವ್ವ ತೀರಿಕೊಂಡ ವರ್ಷ ನೀವು ನನ್ನನ್ನು ಬೆಳಗಾವಿಯ ಗೇಟಿನೊಳಗೆ ಬಿಟ್ಟು, ಬಿಸ್ಕೀಟು ತರುತ್ತೇನೆಂದು ಹೋದಿರಿ. ನನಗೆ ಆರು ವರ್ಷ. ಆಮೇಲೆ ಭಾನುವಾರ ಬರುತ್ತಿದ್ದಿರಿ, ಬೆಂಚಿನ ಮೇಲೆ ಒಂದು ಗಂಟೆ. ಒಂದು ಗಂಟೆಗಿಂತ ಹೆಚ್ಚು ನಿಮ್ಮ ಜೊತೆ ಹೇಗಿರಬೇಕು, ಏನು ಮಾತಾಡಬೇಕು ನನಗೆ ಗೊತ್ತಿರಲಿಲ್ಲ. ಬರಬೇಡಿ ಎಂದು ಬರೆಯಲು ಆಗಲಿಲ್ಲ. ಆದ್ದರಿಂದ ಜಗತ್ತಿನ ಶಾಂತಿಯ ಬಗ್ಗೆ ಬರೆದೆ. ನೀವು ಅದನ್ನು ನಲವತ್ತು ಮಂದಿಗೆ ಓದಿದಿರಿ. ನಿಮಗೊಬ್ಬರಿಗೇ ಅದರ ಅರ್ಥ ತಿಳಿದಿತ್ತು.

ಗುಲ್ಟೇಕಡಿಯಲ್ಲಿ ಒಂದು ಮನೆ ನೋಡಿದ್ದೇನೆ. ಎರಡೇ ಕೋಣೆ. ಹಿಂದಿನ ಕಿಟಕಿಯಿಂದ ಯಾರ್ಡಿನ ತಗಡು ಕಾಣುತ್ತದೆ. ನಾವು ದಿನಾ ಅದನ್ನು ನೋಡಬೇಕಾಗುತ್ತದೆ. ರೊಟ್ಟಿ ಬಡಿಯಲು ನನಗೆ ಬರುವುದಿಲ್ಲ.

ಯಾವ ದಿನ ಎಂದು ಬರೆಯದಿದ್ದರೂ ನಡೆಯುತ್ತದೆ. ಬೊಂಬಾಯಿಯ ಗಾಡಿ ಬರುವ ಹೊತ್ತಿಗೆ ದಿನಾ ಸ್ಟೇಷನ್ನಿನ ಗೇಟಿನ ಹತ್ತಿರ ಇರುತ್ತೇನೆ. ಗೇಟಿನ ಹತ್ತಿರ ಕಾಯುವುದು ನನಗೆ ಬರುತ್ತದೆ.

ಸಾವಂತ್ರಿ